ಹಿಲ್ಕ ಅವರ ಸೊನ್ನೆ

ಬೆಳಿಗ್ಗೆ ಆರು. ಕಾಫಿಗೂ ಮೊದಲು ಹಿಲ್ಕ ಪೆಸೊನೆನ್ ಮೇಜಿನ ಕಪ್ಪು ಹಾಸಿನ ಮೇಲೆ ಅಂಟುಪಟ್ಟಿ ಒತ್ತಿ ಎತ್ತುತ್ತಾರೆ. ಹಿಂದಿನ ದಿನಗಳ ಗಾಜಿನ ಚೂರುಗಳು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಹೊಕ್ಕರೆ ವಾರಗಟ್ಟಲೆ ಬಿಡುವುದಿಲ್ಲ. ಒಂದೇ ಜಾಗವನ್ನು ಮೂರು ಸಲ ಒತ್ತುತ್ತಾರೆ. ಅದೇ ಕೋಣೆಯ ನೆಲವನ್ನು ನಾನು ಒರೆಸುತ್ತೇನೆ.

ಯೊಯೆನ್ಸೂ ಪಟ್ಟಣದ ಈ ಪ್ರಯೋಗಾಲಯದಲ್ಲಿ ಅರವತ್ತೊಂದರ ಹಿಲ್ಕ ದಿನಕ್ಕೆ ನಲವತ್ತು ಎಳೆ ಸಿದ್ಧಪಡಿಸುತ್ತಾರೆ. ಕೂದಲಿನಷ್ಟು ತೆಳುವಾದ ಆಪ್ಟಿಕಲ್ ಫೈಬರಿನ ಹೊದಿಕೆ ಸುಲಿದು, ಸ್ಪಿರಿಟ್ಟಿನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಪ್ರೋಟೀನನ್ನು ಹಿಡಿದಿಡುವ ಲೇಪ ಕೊಡುತ್ತಾರೆ. ಆ ತುದಿಯನ್ನು ಮೂತ್ರದಲ್ಲಿ ಅದ್ದಿದಾಗ ಪ್ರೋಟೀನ್ ಅಂಟಿಕೊಂಡರೆ, ಎಳೆಯೊಳಗಿಂದ ಮರಳುವ ಬೆಳಕು ಬದಲಾಗಿ ಪರದೆಯ ಗೆರೆ ಮೇಲೇರುತ್ತದೆ. ಮೂತ್ರಪಿಂಡದ ರೋಗವನ್ನು ಬೇಗ ಹಿಡಿಯುವ ಉಪಕರಣ ಇದು. ಇನ್ನೂ ರೋಗಿಗಳವರೆಗೆ ಹೋಗಿಲ್ಲ.

ನಲವತ್ತರಲ್ಲಿ ಆರೇಳು ಮುರಿಯುತ್ತವೆ. "ಪ್ಲೈವುಡ್ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದೆ. ಅಲ್ಲಿ ಮರದ ಸಿಬಿರು, ಇಲ್ಲಿ ಗಾಜಿನದು. ಬೆರಳಿಗೆ ಎರಡೂ ಒಂದೇ," ಎನ್ನುತ್ತಾರೆ.

ಪ್ರಕಟವಾದ ಯಾವ ವರದಿಯಲ್ಲೂ ಅವರ ಹೆಸರಿಲ್ಲ. ಆದರೆ ಒಂಬತ್ತು ವರ್ಷ ದಿನದ ಮೊದಲ ಸೀಸೆಯಲ್ಲಿ ಇದ್ದದ್ದು ಅವರದೇ ಮೂತ್ರ. ಆರೋಗ್ಯವಂತರ ಮೂತ್ರ ಎಂದು ಅದರಲ್ಲಿ ಎಳೆ ಅದ್ದಿ, ಯಂತ್ರಕ್ಕೆ 'ಇದೇ ಸೊನ್ನೆ' ಎಂದು ಹೇಳುತ್ತಿದ್ದರು. ಆಮೇಲೆ ಅದಕ್ಕೇ ಅಳತೆಯ ಪ್ರೋಟೀನ್ ಬೆರೆಸಿ ಗೆರೆ ಏರುವುದನ್ನು ನೋಡುತ್ತಿದ್ದರು; ಬೇರೆಯವರ ಸೀಸೆ ಬಂದದ್ದೇ ಇಲ್ಲ. "ಹಿಲ್ಕಾ, ನಿನ್ನದರ ಮುಂದೆ ನಮ್ಮ ಸರೋವರದ ನೀರೇ ಕೊಳಕು," ಎಂದು ಮುಖ್ಯಸ್ಥ ಓಸ್ಮೊ ರೇಗಿಸುತ್ತಿದ್ದರು.

ಕಳೆದ ತಿಂಗಳ ಒಂದು ಮಂಗಳವಾರ, ಹೊಸದಾಗಿ ಸೇರಿದ ವೀವಿ ಕೆಲಸ ಕಲಿಯಲೆಂದು ತನ್ನದೇ ಮೂತ್ರದ ಸೀಸೆ ತಂದು ಎಳೆ ಅದ್ದಿದಳು. ಗೆರೆ ಸೊನ್ನೆಗಿಂತ ಕೆಳಗಿಳಿಯಿತು.

"ನೋಡಿ, ಆರೋಗ್ಯಕ್ಕಿಂತಲೂ ಆರೋಗ್ಯವಾಗಿದ್ದೀನಿ ನಾನು!"

"ಸಾಕು ಜಂಬ. ಎಳೆ ಕೆಟ್ಟಿದೆ," ಎಂದರು ಓಸ್ಮೊ. "ಹಿಲ್ಕಾ, ಕೈ ನಡುಗೋಕೆ ಶುರುವಾಯ್ತಾ?"

ಹಿಲ್ಕ ಐದು ಹೊಸ ಎಳೆ ಮಾಡಿಕೊಟ್ಟರು. ಒಂದೊಂದಕ್ಕೂ ಹಿಲ್ಕ ಅವರ ಸೀಸೆಯಲ್ಲಿ ಸೊನ್ನೆ ಹಿಡಿದು, ಓಸ್ಮೊ ತಮ್ಮ ಮೂತ್ರದಲ್ಲಿ ಅದ್ದಿದರು. ಐದು ಸಲವೂ ಗೆರೆ ಕೆಳಗೇ ಹೋಯಿತು. ನಗು ನಿಂತಿತು.

"ನನ್ನ ಎಳೆ ಸರಿಯಾಗೇ ಇವೆ," ಎಂದರು ಹಿಲ್ಕ. "ನೀವು ಕೆಳಗಿಲ್ಲ ಕಣ್ರೋ. ನಾನೇ ಮೇಲಿದ್ದೀನಿ."

ಓಸ್ಮೊ ಕುಳಿತುಬಿಟ್ಟರು. ವೀವಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನ ಬಕೆಟ್ಟು ಉರುಳಿದ್ದು ಯಾರಿಗೂ ಕೇಳಿಸಲಿಲ್ಲ.

ಹಿಲ್ಕ ಅವರ ಎರಡೂ ಮೂತ್ರಪಿಂಡಗಳಿಂದ ಪ್ರೋಟೀನ್ ಸೋರುತ್ತಿದೆ, ಇದು ನಿನ್ನೆ ಮೊನ್ನೆಯದಲ್ಲ ಎಂದಿದ್ದಾರೆ ಆಸ್ಪತ್ರೆಯವರು. ಎಷ್ಟು ವರ್ಷದ್ದು ಎಂದು ತಿಳಿದರೆ ಇನ್ನೆಷ್ಟು ಉಳಿಸಬಹುದೆಂದು ಅಂದಾಜಿಸಬಹುದಂತೆ. ರಜೆ ಮುಗಿಸಿ ಇಂದು ಮರಳಿರುವ ಹಿಲ್ಕ, ಓಸ್ಮೊ ಮತ್ತು ವೀವಿ ಒಳಗೆ ಬರುತ್ತಲೇ ಕೈ ಒರೆಸಿಕೊಂಡು ಕಂಪ್ಯೂಟರ್ ಕಡೆ ತಿರುಗುತ್ತಾರೆ. ಅದರಲ್ಲಿ ಒಂಬತ್ತು ವರ್ಷದ ಕಡತಗಳಿವೆ. ಪ್ರತಿದಿನದ ಗೆರೆಯೂ ಹಿಲ್ಕ ಅವರದೇ ಸೊನ್ನೆಯಿಂದ ಶುರುವಾಗುತ್ತದೆ; ಆ ಸೊನ್ನೆ ಅಂದು ಎಷ್ಟು ಮೇಲಿತ್ತೆಂದು ಯಾವ ಕಡತದಲ್ಲೂ ಇಲ್ಲ.

"ಹಳೇ ಗೆರೆ ಎಲ್ಲಾ ತೆಗೀರಿ."

ಓಸ್ಮೊ ನೆಲ ನೋಡುತ್ತಾರೆ.

"ಯಾವತ್ತಿನಿಂದ ಹೀಗೆ ಅಂತ ನೋಡಿ ಹೇಳ್ರಪ್ಪಾ."