ಚಿನ್ನಮ್ಮನ ಮನೆಯ ಚಮಚ

ದುರ್ಗಿಗುಡಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿಬರುತ್ತಿದ್ದ ಆರೋಗ್ಯ ಸಹಾಯಕಿ ಬಸವರಾಜೇಶ್ವರಿಯನ್ನು ಅಲ್ಲಿನ ಹಳೇನಗರದ ಹೆಂಗಸರು ನರ್ಸಮ್ಮ ಎಂದೇ ಕರೆಯುತ್ತಿದ್ದರು. ಮಾತಿನಲ್ಲಿ ಗಟ್ಟಿಗಿತ್ತಿ. ೧೯೯೬ರ ಬೇಸಿಗೆಯಲ್ಲಿ ಮಕ್ಕಳಿಗೆ ವಾಂತಿಭೇದಿ ಶುರುವಾದಾಗ ನಲವತ್ತು ತಾಯಂದಿರನ್ನು ಅಂಗನವಾಡಿಯಲ್ಲಿ ಕೂರಿಸಿ, "ಕುದಿಸಿ ಆರಿಸಿದ ನೀರು ಒಂದು ಲೀಟರ್, ಸಕ್ಕರೆ ಆರು ಚಮಚ, ಉಪ್ಪು ಅರ್ಧ ಚಮಚ" ಎಂದು ಮೂರು ಸಲ ಹೇಳಿಕೊಟ್ಟಳು. ಎಲ್ಲರೂ ಒಕ್ಕೊರಲಿನಿಂದ ಒಪ್ಪಿಸಿದರು. ಕೆಲಸ ಮುಗಿಯಿತೆಂದು ಆಕೆ ನೆಮ್ಮದಿಯಿಂದ ಬಸ್ಸು ಹತ್ತಿದಳು.

ವಾರ ಕಳೆದಿರಲಿಲ್ಲ. ಆ ನಲವತ್ತರಲ್ಲಿ ಒಬ್ಬಳಾದ ಚಿನ್ನಮ್ಮನ ಅತ್ತೆ ಸಣ್ಣಮ್ಮ ಏದುಸಿರು ಬಿಡುತ್ತಾ ಬಂದಳು.

"ಭೇದಿ ಆಗ್ತಿರೋ ಮಗೀಗೆ ನೀರು ಕೊಡಬೇಡ ಅಂದೆ, ಸೊಸೆ ಕೇಳಲಿಲ್ಲ. ನೀನು ಹೇಳಿದ ನೀರು ಕುಡಿದು ಇನ್ನೂ ಸೋತುಹೋಗಿದೆ. ಬಂದು ನೋಡು ಮಾರಾಯ್ತಿ!"

ಒಂದೂವರೆ ವರ್ಷದ ಪೂಜಿತಾ ತಾಯಿಯ ತೊಡೆಯ ಮೇಲೆ ಕಣ್ಣು ಗುಳಿಬಿದ್ದು ಮಲಗಿತ್ತು. ತುಟಿ ಒಣಗಿತ್ತು. ಬಸವರಾಜೇಶ್ವರಿ ಚೊಂಬಿನ ನೀರನ್ನು ಬಾಯಿಗೆ ಹಾಕಿಕೊಂಡವಳೇ ಉಗುಳಿದಳು.

"ಇಷ್ಟು ಉಪ್ಪಾ? ಅರ್ಧ ಚಮಚ ಅಂತ ಹೇಳಿರಲಿಲ್ವಾ?"

"ಅರ್ಧನೇ ಹಾಕಿದ್ದು ನರ್ಸಮ್ಮ." ಚಿನ್ನಮ್ಮ ಎದ್ದು ಚಮಚ ತಂದು ತೋರಿಸಿದಳು. ಪಲ್ಯ ಬಡಿಸುವ ದೊಡ್ಡ ಚಮಚ. "ನಮ್ಮನೇಲಿರೋದು ಇದೊಂದೇ."

ಬೈಯಲು ಹೊರಟಿದ್ದ ಬಸವರಾಜೇಶ್ವರಿ ಚೊಂಬಿನ ನೀರನ್ನು ಹೊರಗೆ ಚೆಲ್ಲಿದಳು. ಆಟೋ ಕರೆದು, ಮಗುವನ್ನು ಆಸ್ಪತ್ರೆಗೆ ಸೇರಿಸಿದಳು. ಡ್ರಿಪ್ ಹಾಕಿದರು. ಮೂರನೆಯ ದಿನ ಪೂಜಿತಾ ಅನ್ನಕ್ಕೆ ಕೈಚಾಚಿತು.

ಆ ಮೂರು ದಿನವೂ ಬಸ್ಸಿನಲ್ಲಿ ಆಕೆಗೆ ಅದೇ ಯೋಚನೆ. ಇನ್ನೆಷ್ಟು ಮನೆಗಳಲ್ಲಿ ಇಂಥ ಚಮಚವಿದೆಯೋ? ತಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅವರ ಕೈಯಲ್ಲಿ ಒಮ್ಮೆಯಾದರೂ ಮಾಡಿಸಿ ನೋಡಿದ್ದೆನೇ?

ಮುಂದಿನ ವಾರ ಆಕೆ ಹೇಳಿಕಳಿಸಿದಂತೆ ಹೆಂಗಸರು ಅಂಗನವಾಡಿಗೆ ತಂತಮ್ಮ ಮನೆಯ ಚೊಂಬು, ಚಮಚ ಹಿಡಿದು ಬಂದರು. ಆಕೆ ಲೀಟರ್ ಅಳತೆಯ ನೀರನ್ನು ಒಂದೊಂದೇ ಚೊಂಬಿಗೆ ಸುರಿದು ತೋರಿಸಿದಳು. ಕೆಲವು ಅರ್ಧ ಲೀಟರಿಗೇ ತುಂಬಿ ಹರಿದವು. ಟೀ ಚಮಚವಿಲ್ಲದವರಿಗೆ ತಾನೇ ಕೊಟ್ಟಳು. ಸಕ್ಕರೆ, ಉಪ್ಪನ್ನು ಚಮಚದ ಅಂಚಿಗೆ ಸಮವಾಗಿ ಸವರಿ ಹಾಕಿಸಿ, ಎಲ್ಲರ ನೀರನ್ನೂ ರುಚಿ ನೋಡಿದಳು.

"ನೀವಿಲ್ಲದಾಗ ಸರಿಯಾಯ್ತೋ ಇಲ್ವೋ ಅಂತ ಗೊತ್ತಾಗೋದು ಹೆಂಗೆ?" ಒಬ್ಬಳು ಕೇಳಿದಳು.

"ಮಗೂಗೆ ಕೊಡೋ ಮುಂಚೆ ನಾಲಿಗೆಗೆ ಹಾಕ್ಕೊಳ್ಳಿ. ಕಣ್ಣೀರಿಗಿಂತ ಉಪ್ಪಾಗಿದ್ರೆ ಚೆಲ್ಲಿ, ಬೇರೆ ಮಾಡಿ."

"ಆ ರುಚಿ ನಮಗೆ ಗೊತ್ತು ಬಿಡು," ಎಂದಳು ಸಣ್ಣಮ್ಮ ಹಿಂದಿನಿಂದ. ಹೆಂಗಸರೆಲ್ಲ ನಕ್ಕರು.

ಮಳೆಗಾಲದ ಹೊತ್ತಿಗೆ ಬಸವರಾಜೇಶ್ವರಿ ಪಕ್ಕದ ಕೇರಿಗೆ ಹೇಳಿಕೊಡಲು ಹೋಗುವಾಗ ಚಿನ್ನಮ್ಮನೂ ಜೊತೆಗೆ ಹೊರಟಳು. ಮಗಳನ್ನು ಕಂಕುಳಲ್ಲಿಟ್ಟುಕೊಂಡು, ತಾನು ಮಾಡಿದ್ದನ್ನು ಅಲ್ಲಿನ ಹೆಂಗಸರಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. "ತಪ್ಪು ನಂದೇ," ಎನ್ನುವಷ್ಟರಲ್ಲಿ ಬಸವರಾಜೇಶ್ವರಿ ತಡೆದಳು.

"ಅವಳದಲ್ಲ. ನಾನು ಹೇಳಿ ಎದ್ದು ಹೋಗಿದ್ದೆ. ಈಗ ನೀವು ಮಾಡಿ, ನಾನು ಕೂತಿರ್ತೀನಿ."