ಪುಣೆಯ ಗ್ರಂಥಾಲಯ, ಶೇಡಬಾಳದ ಬುತ್ತಿ

ಪುಸ್ತಕವಿರುವ ಜಾಗಕ್ಕೆ ಜನ ಚಪ್ಪಲಿ ಮೆಟ್ಟಿಕೊಂಡೇ ಹೋಗುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ಪುಣೆ ಸೇರಿದಾಗ ನನ್ನನ್ನು ಬೆಚ್ಚಿಬೀಳಿಸಿದ್ದು ವಾಹನಗಳ ಗದ್ದಲವಲ್ಲ, ಇದು. ನಮ್ಮ ಶೇಡಬಾಳದ ಬಸದಿಯಲ್ಲಿ ಶಾಸ್ತ್ರಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾರೆ. ಮಿಂದು ಮಡಿಯುಟ್ಟವರೇ ಬಿಚ್ಚಬೇಕು. ಹಾಗಾಗಿ ವಿದ್ಯಾಪೀಠದ (ವಿಶ್ವವಿದ್ಯಾಲಯಕ್ಕೆ ಅಲ್ಲಿ ಹಾಗನ್ನುತ್ತಾರೆ) ಗ್ರಂಥಾಲಯದ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟೆ, ನಳದಲ್ಲಿ ಕೈಕಾಲು ತೊಳೆದೆ, ಒದ್ದೆಗಾಲಲ್ಲಿ ಒಳಗೆ ಹೊರಟೆ.

ಬಾಗಿಲಲ್ಲಿದ್ದ ಸಿಪಾಯಿ ಮರಾಠಿಯಲ್ಲಿ ಹೆಸರು, ಊರು ಕೇಳಿದರು. ಹೇಳಿದ ಕೂಡಲೇ ಕನ್ನಡಕ್ಕೆ ಹೊರಳಿದರು. ನಿಪ್ಪಾಣಿಯ ಬಾಬುರಾವ್ ಅವರು.

"ಚಪ್ಲಿ ಹಾಕ್ಕೊರಿ ಪಾಟೀಲ್ರ. ಇಲ್ಲೆ ಪುಸ್ತಕಕ್ಕಿಂತ ಚಪ್ಲಿನ ಭಾಳ ಕಳುವಾಗ್ತಾವ."

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಪ್ಪ ಹಾಸಿಗೆ ಹಿಡಿದಾಗ ಹೊಲಕ್ಕೆ ಕೈ ಬೇಕಿತ್ತು. ಆಮೇಲೆ ದುಡಿಯುತ್ತಲೇ ಮೆಟ್ರಿಕ್, ಪಿ.ಯು.ಸಿ. ಕಟ್ಟಿ ಪಾಸು ಮಾಡಿದೆ. ಪುಣೆಯಲ್ಲಿ ಲೇಥ್ ಯಂತ್ರದ ಕೆಲಸ ಮಾಡುತ್ತ ಹೊರಗಿನ ವಿದ್ಯಾರ್ಥಿಯಾಗಿ ಬಿ.ಎ.ಗೆ ಹೆಸರು ಹಚ್ಚಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರ ಮುಂದೂ ಕೈಚಾಚದೆ ಬೆಳೆದಿದ್ದೇನೆ.

ಪುಸ್ತಕ ಕೊಳ್ಳುವ ಶಕ್ತಿ ಇರಲಿಲ್ಲ. ಗ್ರಂಥಾಲಯವೇ ನನಗೆ ಕಾಲೇಜು, ಅದೇ ಮಾಸ್ತರು. ಊರಲ್ಲಿ ಓದಬೇಕೆಂದರೆ ದನದ ಕೊಟ್ಟಿಗೆಯ ಹೊರಗಿನ ಕಟ್ಟೆ, ಅದೂ ಯಾರಾದರೂ ಕೂಗುವ ತನಕ. ಇಲ್ಲಿ ತಣ್ಣನೆಯ ಕಲ್ಲುಗೋಡೆ, ಮೊಣಕೈ ಸವೆಸಿ ನುಣುಪಾಗಿಸಿದ ಉದ್ದ ಮೇಜು. ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಕೇಳಿದ ಪುಸ್ತಕ ನಡೆದುಬಂದಂತೆ ಎದುರಿಗೆ ಬರುತ್ತಿತ್ತು. ಬೆಳಗಾವಿ ಸೀಮೆಯ ವಿವರವಿದ್ದ ಒಂದು ಹಳೆಯ ಸಂಪುಟದಲ್ಲಿ ಅಥಣಿ, ರಾಯಬಾಗಗಳ ನಡುವೆ ನಮ್ಮೂರ ಹೆಸರು ಸಿಕ್ಕಿತು. ಪಕ್ಕದಲ್ಲಿ ಕೂತವನಿಗೆ ತೋರಿಸಿದೆ. ಅವನು ತುಟಿಯ ಮೇಲೆ ಬೆರಳಿಟ್ಟ.

ತೊಡಕಾದದ್ದು ಹೊಟ್ಟೆಯಿಂದ. ಊರು ಬಿಡುವಾಗ ಅವ್ವನಿಗೆ ಮಾತು ಕೊಟ್ಟಿದ್ದೆ, ದಿನ ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು. ನಮ್ಮ ಜೈನರಲ್ಲಿ ಅದು ನೇಮ. ಶೇಡಬಾಳದಲ್ಲಿ ಅದು ವ್ರತವೆನಿಸುವುದೇ ಇಲ್ಲ. ಓಣಿಗೆ ಓಣಿಯೇ ಬೆಳಕಿರುವಾಗ ಉಂಡು ಏಳುತ್ತದೆ. ಪುಣೆಯಲ್ಲಿ ನಾನು ದುಡ್ಡು ಕಟ್ಟಿದ್ದ ಖಾನಾವಳಿ ಊರ ಆ ತುದಿಗೆ, ಗ್ರಂಥಾಲಯ ಈ ತುದಿಗೆ. ಖಾನಾವಳಿಯವರು ಡಬ್ಬಿ ಕೊಡುತ್ತಿರಲಿಲ್ಲ, ನಾನಿದ್ದ ಬಾಡಿಗೆ ಖೋಲಿಯಲ್ಲಿ ಒಲೆ ಹಚ್ಚಲು ಮಾಲೀಕರ ಅಪ್ಪಣೆಯಿರಲಿಲ್ಲ. ಕೆಲಸ ಮುಗಿಸಿ ಉಣ್ಣಲು ಹೋದರೆ ಓದು ಹೋಯಿತು, ಓದಲು ಬಂದರೆ ಊಟ ಹೋಯಿತು. ಬೇಸಿಗೆಯಲ್ಲಿ ಹೇಗೋ ನಡೆಯಿತು. ಚಳಿಗಾಲದ ಸೂರ್ಯ ಬೇಗ ಇಳಿಯತೊಡಗಿದ ಮೇಲೆ ಓದನ್ನೇ ಹಿಡಿದೆ, ಊಟ ಬಿಟ್ಟೆ. ಅಕ್ಷರಗಳು ಕಣ್ಣ ಮುಂದೆ ಈಜಾಡತೊಡಗಿದವು. ಒಂದು ಸಂಜೆ ಪುಸ್ತಕದ ಮೇಲೆಯೇ ತಲೆ ಇಟ್ಟೆ.

ಬಾಬುರಾವ್ ಎಬ್ಬಿಸಿ ಹೊರಗೆ ಕರೆದೊಯ್ದು ವಿಷಯ ತಿಳಿದುಕೊಂಡರು. ಹಿಂದುಗಡೆ ತಮ್ಮ ಖೋಲಿ ಇದೆ, ದಿನಾ ಬಂದು ತಮ್ಮ ಜೊತೆ ಉಂಡು ಓದಲು ಹೋಗಿ ಎಂದರು. ಬೇಡವೆಂದೆ. ಇನ್ನೊಬ್ಬರ ಅನ್ನ ತಿಂದು ಕಲಿತೆ ಎನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ.

"ಹಂಗಾರ ಇಲ್ಲೆ ಬಿದ್ದು ಸಾಯ್ರಿ. ಸೊಕ್ಕಿನ ಮನಷ್ಯಾ ಅಂತ ಕಲ್ಲಾಗ ಕೆತ್ತಸ್ತೇನಿ," ಎಂದು ಬಾಬುರಾವ್ ಒಳಗೆ ಹೋದರು.

ಮಿರಜಿನಲ್ಲಿ ರೈಲು ಬದಲಿಸಿ ಊರಿಗೆ ಹೋದೆ. ಓದು ಬಿಡುವುದೋ ನೇಮ ಬಿಡುವುದೋ ಅವ್ವನೇ ಹೇಳಲಿ ಎಂದು. ಎಲ್ಲ ಕೇಳಿದ ಅವ್ವ ಎರಡನ್ನೂ ಬಿಡಿಸಲಿಲ್ಲ. ಮೂರು ದಿನ ಒಲೆಯ ಮುಂದೆ ಕೂತು ಜೋಳದ ಖಡಕ್ ರೊಟ್ಟಿ ಬಡಿದಳು, ಬಳ್ಳೊಳ್ಳಿ ಇಲ್ಲದ ಶೇಂಗಾ ಚಟ್ನಿ ಕುಟ್ಟಿದಳು. ಗಂಟು ನೋಡಿ, ಇಷ್ಟೊಂದು ಯಾರಿಗೆ ಎಂದೆ.

"ಇಬ್ಬರಿಗಿ. ಅವರ ಕೂಳು ನೀ ಒಬ್ಬನ ಉಂಡ್ರ ಋಣಾ ಅಕ್ಕೈತಿ. ಬಿಚ್ಚಿ ಕೂಡಿ ಉಂಡ್ರ ಅದು ಬುತ್ತಿ. ಬುತ್ತಿ ಉಣ್ಣಾಕ ಎಂಥಾ ನಾಚಿಕಿ ಲೇ?"

ಅಲ್ಲಿಂದ ಮುಂದೆ ದಿನಾ ಸಂಜೆ ಬಾಬುರಾವ್ ಖೋಲಿಯ ಮುಂದೆ ಗಂಟು ಬಿಚ್ಚಿದೆವು. ಮೊಸರು ಅವರದು, ರೊಟ್ಟಿ ನಮ್ಮದು. "ಬಳ್ಳೊಳ್ಳಿ ಇಲ್ಲದ ಚಟ್ನಿ ಅಂದ್ರ ಗಂಡಿಲ್ಲದ ದಿಬ್ಬಣ," ಎಂದು ಬೈಯುತ್ತ ಅದನ್ನೇ ಇನ್ನಷ್ಟು ಹಾಕಿಸಿಕೊಳ್ಳುತ್ತಿದ್ದರು. ಗಂಟು ಬರಿದಾದಾಗ ಊರಿಂದ ಇನ್ನೊಂದು ಬರುತ್ತಿತ್ತು. ಉಂಡು ಕೈ ತೊಳೆದು, ಬೆಳಕು ಆರುವ ಹೊತ್ತಿಗೆ ನಾನು ಮೇಜಿನ ಮುಂದಿರುತ್ತಿದ್ದೆ. ಹಾಗೆ ಬಿ.ಎ. ಮುಗಿಯಿತು.

ಪುಣೆಯಲ್ಲೇ ಉಳಿದೆ. ಈಗಲೂ ರಜೆ ಸಿಕ್ಕಾಗ ಶೇಡಬಾಳಕ್ಕೆ ಹೋದರೆ, ಉಂಡಾದ ಮೇಲೆ ಓಣಿಯವರೆಲ್ಲ ಕಟ್ಟೆಗೆ ಬರುತ್ತಾರೆ. ಕಬ್ಬು, ಹೊಳೆ, ಹಾರೂಗೇರಿ ಸಂತೆ ಎಂದು ಮಾತು ಹರಿಯುತ್ತದೆ. ನನಗೆ ಅದು ಗ್ರಂಥಾಲಯದ ಹೊತ್ತು, ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೈ ಪುಸ್ತಕ ಹುಡುಕುತ್ತದೆ.

"ಯಾಕಲೇ, ಪುಣೇದಾಗ ಮಾತಿಗೂ ರೇಷನ್ ಐತೇನು?" ಎಂದು ಜೊತೆಗಾರ ಭರಮು ಕೆಣಕುತ್ತಾನೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಅವನಿಗೆ ಕೊಡಬೇಕಾದ ಸರಿಯಾದ ಉತ್ತರ ನನಗೆ ಹೊಳೆಯುವುದು ಪುಣೆಗೆ ಮರಳಿ ಆ ಉದ್ದ ಮೇಜಿನ ಮುಂದೆ ಕೂತಾಗ. ಅಲ್ಲಿ ಮಾತಾಡುವಂತಿಲ್ಲ.