ಅಜ್ಜಿಯ ಎಲೆಯನ್ನು ಕಾಗೆ ಮುಟ್ಟದ ದಿನ

ಅತ್ತೆ, ಅಜ್ಜಿಯ ಉತ್ತರಕ್ರಿಯೆಯ ದಿನ, ಬೊಜ್ಜದ ದಿನ, ಕಾಗೆಗಳು ಎಲೆ ಮುಟ್ಟದೇ ಹೋದದ್ದಕ್ಕೆ ಕಾರಣ ಅಜ್ಜಿಯ ಕೋಪ ಆಗಿರಲಿಲ್ಲ. ನಾನಾಗಿದ್ದೆ. ಅವು ಮುಟ್ಟುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು — ಗೊತ್ತಿದ್ದೇ ಆ ಎಲೆಯನ್ನು ನಿಮ್ಮ ಕೈಗೆ ಕೊಡಿಸಿದೆ.

ಇಷ್ಟು ಬರೆಯಲು ಮೂರು ವರ್ಷ ಬೇಕಾಯಿತು. ಇನ್ನು ಉಳಿದದ್ದನ್ನು ನನಗೆ ಬರುವ ರೀತಿಯಲ್ಲೇ ಬರೆಯುತ್ತೇನೆ, ದಿನಾಂಕ ಹಾಕಿ, ಎಣಿಸಿ. ನಿಮಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ. ಇದನ್ನು ನೀವೊಬ್ಬರೇ ಓದಿದರೆ ಸಾಲದು.

ಒಂಬತ್ತನೇ ಕ್ಲಾಸಿನಿಂದ ನಾನು ದಿನಚರಿ ಇಡುತ್ತಿದ್ದೇನೆ. ಕೋಡಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಬೆಳಿಗ್ಗೆ ಆರೂವರೆಯಿಂದ ಏಳರವರೆಗೆ ಕಂಡ ಹಕ್ಕಿಗಳ ಲೆಕ್ಕ ಬರೆಯುತ್ತಿದ್ದೆ — ಗರುಡ ಎಷ್ಟು, ಕೊಕ್ಕರೆ ಎಷ್ಟು, ಕಾಗೆ ಎಷ್ಟು. ಅಜ್ಜಿ ಮೀನಿನ ಬುಟ್ಟಿ ಹೊತ್ತು ವಂಡ್ಸೆಯ ಬಸ್ಸಿಗೆ ಹೊರಡುವಾಗ ಒಂದು ಕ್ಷಣ ನಿಂತು ನಗುತ್ತಿದ್ದರು. "ಚಿತ್ರಗುಪ್ತ ನಮ್ಮನಿಯಗೇ ಹುಟ್ಟಿದ್ದ ಕಾಣಿ. ಬರ್ಕೋ ಹೆಣ್ಣೇ, ಒಂದೂ ಬಿಡ್ಬೇಡ."

ಒಂದೂ ಬಿಡಲಿಲ್ಲ. ಅಪ್ಪಯ್ಯನ ತಂಗಿಯಾದ ನೀವು ಮುಂಬೈಯಿಂದ ತವರಿಗೆ ಬಂದ ದಿನವೂ ಅದರಲ್ಲಿದೆ. ಮಾವ ತೀರಿಕೊಂಡು ವರ್ಷವಾಗಿರಲಿಲ್ಲ. ಎರಡು ಸೂಟ್‌ಕೇಸು, ಒಂದು ಮಿಕ್ಸಿ. ಮನೆಯೊಳಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ನನ್ನ ಗಲ್ಲ ಹಿಡಿದು ಅಬ್ಬಿಯನ್ನು, ನನ್ನ ತಾಯಿಯನ್ನು, ಕೇಳಿದಿರಿ: "ಇದೆಂತ ಅತ್ಗೆ, ಕಾಗಿಮರಿ ಕಣೆಗೆ ಕಪ್ಪ್ ಆಯ್ತಲೆ ಇದ್?" ಎಲ್ಲರೂ ನಕ್ಕರು. ಅಬ್ಬಿಯೂ. ಅವತ್ತಿನಿಂದ ನಾನು ಕಾಗಿಮರಿ. ಊಟಕ್ಕೆ ಕರೆಯುವಾಗ, ನೆಂಟರ ಎದುರು, ತೆಕ್ಕಟ್ಟೆಯಿಂದ ಹುಡುಗನ ಕಡೆಯವರು ಬಂದು ಕೂತಿದ್ದಾಗ. ಒಟ್ಟು ಎಷ್ಟು ಸಲ ಕರೆದಿರಿ ಎಂಬುದೂ ನನ್ನ ಬಳಿ ಇದೆ. ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ನನ್ನ ಪರವಾಗಿ ವಾದ ಮಾಡತೊಡಗುತ್ತದೆ.

ಮನೆಯ ಹಿಂದಿನ ಹೊನ್ನೆ ಮರದಲ್ಲಿ ಕಾಗೆ ಗೂಡು ಕಟ್ಟಿದ್ದು ಆ ಬೇಸಿಗೆಯಲ್ಲಿ. ಗೂಡು ಟೆರೇಸಿನ ಎತ್ತರಕ್ಕೇ ಇತ್ತು. ನಾಲ್ಕು ಮೊಟ್ಟೆ, ಒಡೆದು ಹೊರಬಂದದ್ದು ಮೂರು ಮರಿ. ಮರಿಗಳ ಬಾಯಿಯೊಳಗೆ ದಾಸವಾಳದಷ್ಟು ಕೆಂಪು. ತಾಯಿ ದಿನಕ್ಕೆ ಎಷ್ಟು ಸಲ ಗುಟುಕು ತರುತ್ತದೆ ಎಂದು ಎಣಿಸಿ ಎಣಿಸಿ ಪುಟ ತುಂಬಿಸಿದ್ದೆ. ನೀವು ಬಟ್ಟೆ ಒಣಹಾಕಲು ಹೋದಾಗಲೆಲ್ಲ ಕಾಗೆ ಬಂದು ನಿಮ್ಮ ತಲೆಗೆ ಕುಟುಕುತ್ತಿತ್ತು. ಒಮ್ಮೆ ರಕ್ತವೂ ಬಂತು. ನಿಮ್ಮದೂ ತಪ್ಪಿರಲಿಲ್ಲ — ಈಗ ಹೇಳುತ್ತೇನೆ, ಆಗ ಹೇಳುತ್ತಿರಲಿಲ್ಲ.

ಏಪ್ರಿಲ್ ಹದಿನೇಳು. ನಾನು ಕಾಲೇಜಿನಿಂದ ಬರುವಾಗ ಮಾವಿನಕಾಯಿ ಕೊಯ್ಯುವ ದೋಟಿ ಇನ್ನೂ ನಿಮ್ಮ ಕೈಯಲ್ಲಿತ್ತು. ಗೂಡು ಬಾವಿಕಟ್ಟೆಯ ಹತ್ತಿರ ಬಿದ್ದಿತ್ತು. ಮೂರರಲ್ಲಿ ಒಂದು ಮರಿ ಬಾಯಿ ತೆರೆಯುತ್ತಲೇ ಇತ್ತು, ಐದೂಕಾಲರವರೆಗೆ. ನಾನು ಅಲ್ಲೇ ಕೂತು ಅಳುತ್ತಿದ್ದೆ. ಆಗ ನೀವು ಅಡುಗೆಮನೆಯಿಂದ, ಎಲ್ಲರಿಗೂ ಕೇಳುವ ಹಾಗೆ: "ಹ್ವಾಯ್, ಇವತ್ ಇವ್ಳಿಗ್ ಊಟ ಬಡಸ್ಬೇಡಿ. ಒಡಹುಟ್ಟಿದವ್ರ್ ಸತ್ತ್ ಸೂತಕ ಅಲ್ದಾ ಕಾಗಿಮರಿಗೆ!"

ಅಪ್ಪಯ್ಯ ನಕ್ಕರು. ಪಕ್ಕದ ಮನೆಯವರು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ನಾನು ಒಳಗೆ ಹೋಗಿ ಬರೆದೆ: ಮರಿ, ಮೂರು. ಅದರ ಎದುರು "ಅತ್ತೆ" ಎಂದು ಬರೆದು ಅಂಕಿಯ ಜಾಗವನ್ನು ಖಾಲಿ ಬಿಟ್ಟೆ.

ಮರುದಿನದಿಂದ ಕಾಗೆಗಳೂ ಲೆಕ್ಕ ಶುರು ಮಾಡಿದವು. ನೀವು ಹೊರಗೆ ಬಂದರೆ ಸಾಕು, ಎಲ್ಲಿಂದಲೋ ಒಂದು ಕೂಗುತ್ತಿತ್ತು, ಉಳಿದವು ಬಂದು ಸೇರುತ್ತಿದ್ದವು. ಅಬ್ಬಿ ಬಂದರೆ ಕೂಗುತ್ತಿರಲಿಲ್ಲ, ನಾನು ಬಂದರೂ ಇಲ್ಲ. ಮೂವತ್ತನಾಲ್ಕು ಸಲ ನೀವು ಟೆರೇಸಿಗೆ ಹೋದದ್ದನ್ನು ನೋಡಿದೆ. ಮೂವತ್ತೊಂದು ಸಲ ಕೂಗಿದವು. ಸುಮ್ಮನಿದ್ದ ಮೂರು ಸಲವೂ ನೀವು ಬಿಸಿಲಿಗೆಂದು ತಲೆ ಮುಖಕ್ಕೆ ಬೈರಾಸು ಸುತ್ತಿಕೊಂಡಿದ್ದಿರಿ. ಅವು ನೆನಪಿಟ್ಟದ್ದು ಸೀರೆಯನ್ನಲ್ಲ, ದೋಟಿಯನ್ನಲ್ಲ, ನಿಮ್ಮ ಮುಖವನ್ನು. ಇದನ್ನು ಕಂಡುಹಿಡಿದ ದಿನ ನನಗಾದ ಖುಷಿ — ಅದನ್ನು ಹೇಗೆ ಹೇಳಲಿ? ಲೋಕದಲ್ಲಿ ನನ್ನ ಹಾಗೆ ಹಗೆ ಸಾಧಿಸುವವರು ಇನ್ನೂ ಇದ್ದಾರೆ, ಅವರಿಗೆ ರೆಕ್ಕೆಯೂ ಇದೆ.

ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನೆನಪಿದೆಯಾ? ಅಂಗಳದಲ್ಲಿ ಮೀನು ಒಣಹಾಕಿದರೆ ಉಳಿದವರು ಬಲೆ ಮುಚ್ಚಬೇಕಿತ್ತು. ನೀವು ಹಾಕಿ ಜಗಲಿಯಲ್ಲಿ ಕೂತರೆ ಅದೂ ಬೇಕಿರಲಿಲ್ಲ. "ಸರೋಜ ಮೀನ್ ಹರಗ್ರೆ ಬಲಿಯೇ ಬ್ಯಾಡ, ಒಂದ್ ಕಾಗಿಯೂ ಬತ್ತಿಲ್ಲೆ" ಎಂದು ಅಜ್ಜಿ ಕುಂದಾಪುರದ ಮೀನು ಮಾರ್ಕೆಟಿನಲ್ಲೂ ಹೇಳಿಕೊಂಡು ನಗಿಸುತ್ತಿದ್ದರು. ನೀವು ಒಳಗೆ ಹೋಗಿ ಅರ್ಧ ಗಂಟೆಯಾಗಬೇಕಿತ್ತು, ಆಮೇಲೆ ಬರುತ್ತಿದ್ದವು. ಅದನ್ನೂ ಬರೆದಿಟ್ಟೆ.

ಡಿಸೆಂಬರಿನಲ್ಲಿ ಅಜ್ಜಿ ಹೋದರು. ಹಾಸಿಗೆ ಹಿಡಿದ ಆ ಎರಡು ತಿಂಗಳು ಅವರ ಮೈ ಒರೆಸಿದ್ದು, ಗಂಜಿ ಕುಡಿಸಿದ್ದು, ಹೇಸದೆ ಎಲ್ಲವನ್ನೂ ಬಳಿದದ್ದು ನೀವೊಬ್ಬರೇ.

ಬೊಜ್ಜದ ದಿನ ಮಧ್ಯಾಹ್ನ ಎಲೆ ಬಡಿಸಿ ಆಗಿತ್ತು: ಅನ್ನ, ಉದ್ದಿನ ವಡೆ, ಅಜ್ಜಿಗೆ ಪ್ರೀತಿಯ ಸುಕ್ಕಿನುಂಡೆ. ಅದನ್ನು ಅಂಗಳದ ಕಟ್ಟೆಯ ಮೇಲಿಡಬೇಕು. ಕಾಗೆ ಬಂದು ಮುಟ್ಟಿದರೆ ಸತ್ತವರು ತೃಪ್ತರಾದರೆಂದು ಅರ್ಥ, ಆಮೇಲೆ ಉಳಿದವರ ಊಟ. ಇಡಬೇಕಾದವರು ಅಪ್ಪಯ್ಯ. ಅವರು ಬಗ್ಗಿ ಎಲೆ ಎತ್ತುವಾಗ ನಾನು ಹೇಳಿದೆ: "ಅಪ್ಪಯ್ಯ, ಅತ್ತಿಯೇ ಇಡ್ಲಿ. ಅಜ್ಜಿನ ಕಂಡ್ಕಂಡದ್ದ್ ಅವ್ರೇ ಅಲ್ದಾ?"

ಈ ಏಳೆಂಟು ಮಾತನ್ನು ನಾನು ಹಿಂದಿನ ಎರಡು ದಿನ ಮನಸ್ಸಿನಲ್ಲೇ ಹೇಳಿ ನೋಡಿದ್ದೆ. ಯಾವ ಶಬ್ದವನ್ನು ಎಷ್ಟು ಮೆತ್ತಗೆ ಹೇಳಬೇಕು ಎಂದು.

ತೀರಿಹೋದ ದೊಡ್ಡಪ್ಪನ ಹೆಂಡತಿ, ಬೈಂದೂರಿನ ದೊಡ್ಡಮ್ಮ, ಕಣ್ಣೊರೆಸಿಕೊಂಡರು. "ಎಂತ ಬಂಗಾರದಂಥ ಹೆಣ್ಣ್ ಮಾರಾಯ್ರೆ! ಹೌದ್, ಸರೋಜನೇ ಇಡ್ಲಿ." ನೀವು ನನ್ನ ಕಡೆ ನೋಡಿದ್ದು ನೆನಪಿದೆ. ಕಾಗಿಮರಿ ಎನ್ನದೆ, ನನ್ನ ಹೆಸರು ಹಿಡಿದು ಕರೆದು, ತಲೆ ಸವರಿದಿರಿ. ಆಗಲಾದರೂ — ಇಲ್ಲ, ಆಗಲೂ ನಾನು ಸುಮ್ಮನಾಗಲಿಲ್ಲ. ನೀವು ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಿರಿ. ಮುಖ ಅರ್ಧ ಮುಚ್ಚಿತ್ತು. "ಸೆರಗ್ ಎಲಿ ಮೇಲ್ ಬೀಳತ್ತ್ ಅತ್ತಿ, ಸಿಕ್ಸ್ತೆ ಕಾಣಿ" ಎಂದು ನಾನೇ ಅದನ್ನು ತೆಗೆದು ನಿಮ್ಮ ಸೊಂಟಕ್ಕೆ ಸಿಕ್ಕಿಸಿದೆ.

ನೀವು ಎಲೆ ಇಟ್ಟದ್ದು ಹನ್ನೆರಡು ನಲವತ್ತಕ್ಕೆ. ಹೊನ್ನೆ ಮರದಲ್ಲಿ, ತಂತಿಯ ಮೇಲೆ, ಜಗಲಿಯ ಹಂಚಿನ ಮೇಲೆ ಹತ್ತೊಂಬತ್ತು ಕಾಗೆಗಳಿದ್ದವು. ಒಂದು ಕೂಗಿತು. ಆಮೇಲೆ ಎಲ್ಲವೂ.

ಒಂದು ಗಂಟೆ. ಒಂದೂವರೆ. ಎರಡು. ಅಪ್ಪಯ್ಯ ಕೈ ಮುಗಿದು "ಎಂತ ಆಸೆ ಇದ್ರೂ ನಡಸ್ತೆ ಅಬ್ಬಿ, ಬಾ" ಎಂದರು. ಕಾಗೆ ಬರಲಿಲ್ಲ. ಹರಕೆ ಹೇಳಿಕೊಂಡರು. ಬರಲಿಲ್ಲ. ನೀವು ಕಟ್ಟೆಯ ಪಕ್ಕದಲ್ಲೇ ನಿಂತಿದ್ದಿರಿ, ಬಿಸಿಲಿನಲ್ಲಿ, ಬರಿತಲೆಯಲ್ಲಿ. ನೀವು ಬೇಡಿಕೊಂಡಷ್ಟೂ ಹೊತ್ತು ಅವು ಇಳಿಯುವಂತಿರಲಿಲ್ಲ. ನೀವು ಒಳಗೆ ಹೋಗಿದ್ದರೆ ಅರ್ಧ ಗಂಟೆ ಸಾಕಿತ್ತು. "ಅತ್ತೆ, ಒಳಗೆ ಬನ್ನಿ" — ಇಷ್ಟೇ. ನಾನು ಹೇಳಲಿಲ್ಲ.

ಉಳಿದ ಯಾರಿಗೂ ಹೊಳೆಯಲಿಲ್ಲವೇಕೆ ಎಂದು ಬಹಳ ಯೋಚಿಸಿದ್ದೇನೆ. ಅದೇ ಅಂಗಳ, ಅದೇ ಕಾಗೆ, ಅದೇ ನೀವು. ನಿಮ್ಮ ಮೀನಿಗೆ ಕಾಗೆ ಬರುವುದಿಲ್ಲ ಎಂದು ನಕ್ಕವರೇ ಅಲ್ಲಿ ನಿಂತಿದ್ದರು. ಆದರೆ ಮೀನು ಒಣಗಿಸುವ ದಿನ ಕಾಗೆ ಕಾಗೆ. ಬೊಜ್ಜದ ದಿನ ಕಾಗೆ ಅಜ್ಜಿ. ಅಜ್ಜಿ ಬರಲೊಲ್ಲರೆಂದರೆ ಅದಕ್ಕೆ ಕಾರಣವನ್ನು ಮರದಲ್ಲಿ ಯಾರು ಹುಡುಕುತ್ತಾರೆ? ಮನುಷ್ಯರಲ್ಲಿ ಹುಡುಕುತ್ತಾರೆ. ಇದನ್ನು ನಾನು ನಂಬಿದ್ದೆ. ನನ್ನ ಇಡೀ ಹಂಚಿಕೆ ನಿಂತದ್ದೇ ಈ ನಂಬಿಕೆಯ ಮೇಲೆ.

ಎರಡೂವರೆಗೆ ದೊಡ್ಡಮ್ಮ ಕೇಳಿದರು: "ಸರೋಜ, ನಿಜ ಹೇಳ್. ನಿನ್ನ್ ಅಬ್ಬಿ ಮನ್ಸಿಗೆ ನೋವಾಪಂಗೆ ಎಂತಾರೂ ಮಾಡಿದ್ಯಾ?"

ನೀವು ಅಲ್ಲೇ ಕುಸಿದು ಕೂತಿರಿ. "ಕಡಿಗೆ ನೀರ್ ಕೇಂಡಿದ್ರ್... ಕೊಡುಕೆ ತಡ ಮಾಡ್ದೆ. ನೀರಿಗೆ ಕಾಯ್ಸ್‌ದೆ ನಾನ್. ತಪ್ಪಾಯ್ತ್ ಅಬ್ಬೀ, ತಪ್ಪಾಯ್ತ್."

ಮೂರು ಗಂಟೆಗೆ ಎಲೆಯನ್ನು ದನಕ್ಕೆ ಹಾಕಿದರು. ತಣ್ಣಗಾದ ಊಟವನ್ನು ಎಲ್ಲರೂ ಉಂಡರು. ನಾನು ಹೊಟ್ಟೆ ತುಂಬ ಉಂಡೆ — ಇದನ್ನೂ ಬರೆಯಲೇಬೇಕು — ಮೂರು ವಡೆ ತಿಂದೆ. ಕೋಣೆಗೆ ಹೋಗಿ ಹಳೆಯ ಪುಟ ತೆಗೆದು, ಖಾಲಿ ಬಿಟ್ಟ ಜಾಗದಲ್ಲಿ ತುಂಬಿದೆ: ಮರಿ, ಮೂರು. ಅತ್ತೆ, ಒಂದು.

ಆ ಮೇಲೆ ನಡೆದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಾಯುವಾಗ ತಾಯಿಗೆ ನೀರು ಕೊಡದವಳು ಎಂಬ ಮಾತು ಬೈಂದೂರಿಗೆ ಹೋಯಿತು, ಹಟ್ಟಿಯಂಗಡಿಗೆ ಹೋಯಿತು. ನೀವು ಬ್ರಹ್ಮಾವರದಲ್ಲಿ ಮಾವನ ತಂಗಿಯ ಮನೆಗೆ ಹೋದಿರಿ. ಸೂಟ್‌ಕೇಸು ಎರಡೂ ಹೋದವು, ಮಿಕ್ಸಿ ಇಲ್ಲೇ ಉಳಿಯಿತು. ಮನೆಯಲ್ಲಿ ಯಾರೂ ನನ್ನನ್ನು ಕಾಗಿಮರಿ ಎನ್ನುವುದಿಲ್ಲ. ನಾನು ಗೆದ್ದೆ. ಒಂದು ವರ್ಷ ಪೂರ್ತಿ ಗೆದ್ದೆ ಎಂದೇ ಅನಿಸುತ್ತಿತ್ತು.

ಅಜ್ಜಿ ಹೋಗಿ ವರ್ಷ ತುಂಬಿದಾಗ, ವರ್ಷಾಂತದ ದಿನ ಬಂದಿರಿ. ಎಲೆ ನಾನೇ ಇಡುತ್ತೇನೆ ಎಂದು ಹಟ ಹಿಡಿದಿರಿ. ಇಟ್ಟಿರಿ, ನಿಂತಿರಿ. ಬರಲಿಲ್ಲ. ಮತ್ತಿನ ವರ್ಷವೂ ಬರಲಿಲ್ಲ. ಅವತ್ತು ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತ ನೀವು ಅಬ್ಬಿಯ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಬ್ರಹ್ಮಾವರದಗೆ ದಿನಾ ಒಂದ್ ಹಿಡಿ ಅನ್ನ ಇಡ್ತೆ ಅತ್ಗೆ. ಅಲ್ಲಿ ಕಾಗಿ ಬಂದ್ ತಿಂತೊ, ಕೈ ಹತ್ರವೇ ಬತ್ತೊ. ಅಬ್ಬಿ ಒಬ್ಳೇ ಬತ್ತಿಲ್ಲೆ."

ಬ್ರಹ್ಮಾವರದ ಕಾಗೆಗಳಿಗೆ ನಿಮ್ಮ ಮುಖದ ಕಥೆ ಗೊತ್ತಿಲ್ಲ, ಅತ್ತೆ. ಅಷ್ಟೇ. ನಾನು ಅದನ್ನು ಅಂದೇ ಹೇಳಬಹುದಿತ್ತು. ಒಳಗೆ ಹೋಗಿ ದಿನಾಂಕ ಹಾಕಿ ಬರೆದುಕೊಂಡೆ.

ಅದೇ ದಿನ ಇನ್ನೆರಡು ನೋಡಿದೆ. ನಿಮ್ಮನ್ನು ಕಂಡು ಕೂಗಿದ ಕಾಗೆಗಳಲ್ಲಿ ಎರಡು ಆ ವರ್ಷದ ಮರಿಗಳು, ಬಾಯಿಯೊಳಗಿನ ಕೆಂಪು ಇನ್ನೂ ಮಾಸಿರಲಿಲ್ಲ. ಗೂಡು ಬಿದ್ದಾಗ ಅವು ಹುಟ್ಟಿಯೇ ಇರಲಿಲ್ಲ. ದೊಡ್ಡವು ತೋರಿಸಿಕೊಟ್ಟಿವೆ, ಇವಳೇ ಎಂದು. ಊಟದ ಹೊತ್ತಿಗೆ ದೊಡ್ಡಮ್ಮನ ಮೊಮ್ಮಗಳು, ನಾಲ್ಕು ವರ್ಷದ್ದು, ನೀವು ಲೋಟ ಚಾಚಿದಾಗ ಹಿಂದೆ ಸರಿದು ಹೇಳಿತು: "ನಂಗೆ ನಿಮ್ ಕೈ ನೀರ್ ಬ್ಯಾಡ." ಬೊಜ್ಜದ ದಿನ ಅದು ತೊಟ್ಟಿಲು ಬಿಟ್ಟಿದ್ದಷ್ಟೇ. ಅದಕ್ಕೂ ಯಾರೋ ತೋರಿಸಿಕೊಟ್ಟಿದ್ದಾರೆ.

ನಾವೂ ಕಾಗೆಗಳೂ ಒಂದೇ ಎಂದು ಆಗ ಅನಿಸಿತು. ಆದರೆ ಪೂರ್ತಿ ಒಂದಲ್ಲ. ಅವು ತಮ್ಮ ಮರಿಗಳಿಗೆ ಕಲಿಸಿದ್ದು ನಡೆದ ಸಂಗತಿಯನ್ನು. ಈ ಹೆಂಗಸು ಗೂಡು ಕೆಡವಿದಳು — ನಿಜ. ನಮ್ಮ ಮಗುವಿಗೆ ಕಲಿಸಿದ್ದು ನಾನು ಹುಟ್ಟಿಸಿದ ಸುಳ್ಳನ್ನು. ಹಗೆಯಲ್ಲೂ ಕಾಗೆ ನನಗಿಂತ ಪ್ರಾಮಾಣಿಕ.

ಗೂಡಿನ ವಿಷಯದಲ್ಲಿ ನಿಮ್ಮನ್ನು ನಾನಿನ್ನೂ ಕ್ಷಮಿಸಿಲ್ಲ. ಸೂತಕದ ಮಾತಿಗೂ ಇಲ್ಲ. ಕ್ಷಮಿಸಿದ್ದೇನೆ ಎಂದು ಬರೆದರೆ ಈ ಕಾಗದದಲ್ಲಿ ಅದೊಂದೇ ಸುಳ್ಳಾದೀತು. ನೀವು ನನ್ನನ್ನು ಕ್ಷಮಿಸಬೇಕೆಂದೂ ಕೇಳುತ್ತಿಲ್ಲ.

ಬರುವ ತಿಂಗಳು ಅಜ್ಜಿಯ ದಿನ. ಎಲೆ ಬಡಿಸುವ ಮೊದಲು ಅಂಗಳದಲ್ಲಿ ನಿಂತು ಇದನ್ನು ಓದುತ್ತೇನೆ — ಅಪ್ಪಯ್ಯ, ಅಬ್ಬಿ, ದೊಡ್ಡಮ್ಮ, ಆ ಮಗು, ಎಲ್ಲರ ಎದುರು. ಅಷ್ಟರೊಳಗೆ ಈ ಪ್ರತಿ ನಿಮ್ಮ ಕೈ ಸೇರಿರುತ್ತದೆ. ಆಮೇಲೆ ನನ್ನನ್ನು ಯಾರು ಏನೆಂದು ಕರೆಯುತ್ತಾರೋ ಕರೆಯಲಿ. ಅದನ್ನು ಎಣಿಸುವುದಿಲ್ಲ.

ಇನ್ನೊಂದು ಉಳಿದಿದೆ. ಎಲ್ಲಕ್ಕಿಂತ ಕಷ್ಟದ್ದು, ಅದಕ್ಕೇ ಕೊನೆಗೆ ಬಂತು. ಬೊಜ್ಜದ ದಿನ ನೀವು ಎಲ್ಲರೆದುರು "ನೀರಿಗೆ ಕಾಯ್ಸ್‌ದೆ" ಎಂದು ಅಳುವಾಗ ನನ್ನ ದಿನಚರಿ ಕಂಕುಳಲ್ಲೇ ಇತ್ತು. ಅಜ್ಜಿಯ ಕೊನೆಯ ಸಂಜೆಯ ಪುಟ ಅದರಲ್ಲಿತ್ತು. ಆ ಸಂಜೆ ನಾನು ಅವರ ಮಂಚದ ಪಕ್ಕದಲ್ಲೇ ಕೂತಿದ್ದೆ, ನೀರಿನ ಚೆಂಬು ನನ್ನ ಕೈಗೆಟಕುವಷ್ಟು ಹತ್ತಿರವಿತ್ತು, ನಾನು ಪೆನ್ನು ಕೆಳಗಿಡಲಿಲ್ಲ. ಚೆಂಬಿನದು ಬೆಳಗಿನ ನೀರು ಎಂದು ನೀವು ಬಾವಿಗೆ ಓಡಿದಿರಿ. ಕುಡಿಸಿ, ಅಪ್ಪಯ್ಯನನ್ನು ಕರೆಯಲು ಮತ್ತೆ ಓಡಿದಿರಿ. ಹಾಗಾಗಿ ಅಜ್ಜಿಯ ಕಡೆಯ ಮಾತು ನಿಮಗೆ ಕೇಳಲಿಲ್ಲ. ಅಲ್ಲಿ ಬರೆದದ್ದನ್ನು ಹಾಗೆಯೇ ಇಳಿಸುತ್ತೇನೆ:

"4.10 — ಅಜ್ಜಿ ನೀರು ಕೇಳಿದರು. 4.14 — ಅತ್ತೆ ಹೊಸ ನೀರು ಸೇದಿ ತಂದರು. ಮೂರು ಚಮಚ ಕುಡಿದರು. 4.15 — ಕಣ್ಣು ಮುಚ್ಚಿಕೊಂಡೇ ಹೇಳಿದರು: ತಂಪಾಯ್ತ್ ಸರೋಜ."